ದೃಷ್ಟಿಬೊಟ್ಟಿನ ಸಾಲು

“ಇದು ನನ್ನ ಸಾಲು!”

ಕೂಗಿದ್ದು ಸ್ವಲ್ಪ ಜೋರೇ ಆಯಿತು. ಪಕ್ಕದ ಕೋಣೆಯ ಗುಮಾಸ್ತ ಬಾಗಿಲಿನಿಂದ ಇಣುಕಿ ನೋಡಿದ. ವಕೀಲರು ಕನ್ನಡಕವನ್ನು ಹಣೆಗೇರಿಸಿ, ಹಟ ಹಿಡಿದ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿದರು.

“ಯಾವ ಸಾಲು ಮೇಡಂ?”

“ಇಲ್ಲೇ ರೀ, ಈ ಶವಪರೀಕ್ಷೆ ವರದಿಯ ಎರಡನೇ ಪುಟದ ಕೆಳಗೆ. ಕೇಳಿ.” ನಾನು ಓದಿದೆ. “‘ಅಂಗೈ ಹಾಗೂ ಬೆರಳ ತುದಿಯ ಚರ್ಮ ಬಿಳಚಿಕೊಂಡು ಸುಕ್ಕುಗಟ್ಟಿದ್ದು, ಮನುಷ್ಯ ಉಸಿರಾಡುತ್ತಿರುವಾಗಲೇ ನೀರು ಸೇರಿದನೆಂಬುದನ್ನು ನಿಸ್ಸಂಶಯವಾಗಿ ಸಾರುತ್ತದೆ.’ ಇದು ಶವಪರೀಕ್ಷೆ ಮಾಡೋ ಡಾಕ್ಟರ ಮಾತಲ್ಲ. ವಾರಪತ್ರಿಕೆಯಲ್ಲಿ ಬರ್ತಿರೋ ನನ್ನ ಧಾರಾವಾಹಿಯ ಹದಿನೇಳನೇ ಅಧ್ಯಾಯ. ಒಂದು ಅಲ್ಪವಿರಾಮ ಕೂಡ ಆಚೀಚೆ ಆಗಿಲ್ಲ.”

“ನಿಮಗೆ ಬಸ್ ಟಿಕೆಟಿನ ಹಿಂದೆ ನೋಡಿದ್ರೂ ನಿಮ್ಮ ಕಾದಂಬರಿನೇ ಕಾಣುತ್ತೆ,” ಎಂದು ವಕೀಲರು ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷದಿಂದ ಹೆಣಗಳ ಬಗ್ಗೆ ಬರೆಯುತ್ತಿರುವವಳು ನಾನು. ನನ್ನ ಸಾಲು ನನಗೆ ಗೊತ್ತಾಗದಿದ್ದರೆ ಇನ್ಯಾರಿಗೆ ಗೊತ್ತಾಗಬೇಕು?

ಕ್ಲಬ್ಬಿನ ಈಜುಕೊಳದಲ್ಲಿ ಮ್ಯಾನೇಜರನ ಹೆಣ ತೇಲಿ ಮೂರು ತಿಂಗಳ ಮೇಲಾಗಿತ್ತು; ಕೊಳ ನೋಡಿಕೊಳ್ಳುತ್ತಿದ್ದ ಮೀನಣ್ಣ ಅದಕ್ಕಾಗಿ ಜೈಲಿನಲ್ಲಿದ್ದ; ನಾಳೆ ಬೆಳಿಗ್ಗೆ ಹತ್ತೂವರೆಗೆ ಅವನ ಜಾಮೀನು ಅರ್ಜಿ. ಈಜು ಕಲಿಯಲು ಬರುವ ಮಕ್ಕಳು ಇಟ್ಟ ಹೆಸರು ಮೀನಣ್ಣ. ಪೊಲೀಸರೂ ಈಗ ಹಾಗೇ ಕರೆಯುತ್ತಾರಂತೆ.

ಅವನ ಹೆಂಡತಿ ನನ್ನ ಪಕ್ಕದಲ್ಲೇ ಬೆಂಚಿನ ತುದಿಯಲ್ಲಿ ಕೂತಿದ್ದಳು. ನನ್ನ ಬಟ್ಟೆಗಳನ್ನೆಲ್ಲ ಹೊಲಿಯುವವಳು. ನಮ್ಮ ಬೀದಿಗೇ ಅವಳು ಟೈಲರಮ್ಮ. ಮೂರು ತಿಂಗಳಿಂದ ನನ್ನ ಬೆನ್ನು ಬಿದ್ದಿದ್ದಳು. “ನಿಮ್ಮ ಭಾವನ ಹತ್ರ ಒಂದು ಮಾತು ಕೇಳಿ ಮೇಡಮ್ಮಾ.” ನಾನು ಪ್ರತಿ ಸಲವೂ ಜಾರಿಕೊಂಡಿದ್ದೆ. ಯಾಕೆಂದರೆ ಆ ವರದಿಗೆ ಸಹಿ ಹಾಕಿದ ಡಾಕ್ಟರು ನನ್ನ ಸ್ವಂತ ಅಕ್ಕನ ಗಂಡ. ಭಾವನ ಕೆಲಸದಲ್ಲಿ ನಾನು ಮೂಗು ತೂರಿಸುವುದಿಲ್ಲ ಎಂದು ದೊಡ್ಡ ಮನುಷ್ಯರ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆ. ವರದಿಯನ್ನು ಕಣ್ಣಿಂದ ನೋಡಿದ್ದೇ ಇವತ್ತು, ಅದೂ ಇವಳು ಕೈಹಿಡಿದು ಎಳೆದುಕೊಂಡು ಬಂದಿದ್ದಕ್ಕೆ.

“ಹಾಗಂದ್ರೆ ಒಳ್ಳೇದಾ ಕೆಟ್ಟದ್ದಾ ಮೇಡಮ್ಮಾ?” ಎಂದು ಟೈಲರಮ್ಮ ಮೆಲ್ಲಗೆ ಕೇಳಿದಳು.

“ಆ ಸಾಲು ಸುಳ್ಳು ಕಣಮ್ಮ. ಪಾತ್ರೆ ತೊಳೆಯೋವಳ ಕೈಯೂ ಸುಕ್ಕಾಗುತ್ತೆ, ನೀರಲ್ಲಿ ಬಿದ್ದ ಹೆಣದ ಕೈಯೂ ಸುಕ್ಕಾಗುತ್ತೆ. ಜೀವ ಇತ್ತೋ ಇಲ್ವೋ ಅಂತ ಸುಕ್ಕು ನೋಡಿ ಹೇಳಕ್ಕಾಗಲ್ಲ.”

ವಕೀಲರ ನಗು ನಿಂತಿತು. “ಹಾಗಾದ್ರೆ ಸುಳ್ಳನ್ನ ನಿಮ್ಮ ಕಾದಂಬರೀಲಿ ಯಾಕೆ ಬರೆದ್ರಿ?”

“ಬೇಕಂತಲೇ.”

ಇದನ್ನು ಬಿಡಿಸಿ ಹೇಳಬೇಕಾಯಿತು. ಹೇಳುವಾಗ ನನಗೇ ನಾಚಿಕೆಯಾಯಿತು.

ನನ್ನ ಕಾದಂಬರಿಗಳಲ್ಲಿ ಬರುವ ಶವಪರೀಕ್ಷೆಯ ಡಾಕ್ಟರು ಬೇರೆ ಯಾರೂ ಅಲ್ಲ, ನಮ್ಮ ಭಾವ. ಮೀಸೆ ಮಾತ್ರ ನಾನು ಅಂಟಿಸಿದ್ದು. ಭಾನುವಾರದ ಊಟಕ್ಕೆ ಅಕ್ಕನ ಮನೆಗೆ ಹೋಗುತ್ತೇನೆ. ಭಾವ ಅನ್ನ ಕಲಸುತ್ತಾ ಆ ವಾರದ ಹೆಣಗಳ ಕಥೆ ಹೇಳುತ್ತಾರೆ. ಅಕ್ಕ “ಥೂ, ಊಟದ ಹೊತ್ತಲ್ಲಿ” ಎಂದು ಬೈಯುತ್ತಾಳೆ. ನಾನು ಎಡಗೈಯಲ್ಲಿ ಬರೆದುಕೊಳ್ಳುತ್ತೇನೆ. ಹನ್ನೊಂದು ಕಾದಂಬರಿ ಹೀಗೇ ಬಂದವು. ಮೊದಲನೆಯದನ್ನು ಬರೆಯುವಾಗಲೇ ಭಾವ ಒಂದು ಷರತ್ತು ಹಾಕಿದ್ದರು: “ಎಲ್ಲಾ ನಿಜಾನೇ ಬರೆದ್ರೆ ಯಾವನೋ ಕಲಿತುಬಿಡ್ತಾನೆ. ಚೆಂದದ ಮಗುವಿಗೆ ದೃಷ್ಟಿಬೊಟ್ಟು ಇಡಲ್ವಾ, ಹಾಗೆ ಪ್ರತಿ ಪುಸ್ತಕದಲ್ಲೂ ಒಂದು ತಪ್ಪು ಇರ್ಲಿ. ಮೈ ಮೇಲೆ ಎಲ್ಲಿ ಇಟ್ಟಿದ್ದೀವಿ ಅಂತ ನಮಗೆ ಗೊತ್ತಿದ್ರೆ ಸಾಕು.”

ನಮಗೆ ಎಂದರೆ ಮೂರೇ ಜನ. ಬರೆಯುವ ನಾನು, ಹೇಳಿಕೊಡುವ ಭಾವ, ಟೈಪ್ ಮಾಡುವ ಅಕ್ಕ. ಈ ಸಲದ ದೃಷ್ಟಿಬೊಟ್ಟು ಅಂಗೈ ಸುಕ್ಕು.

“ಅಂದ್ರೆ ಡಾಕ್ಟರಿಗೆ ಇದು ಸುಳ್ಳು ಅಂತ ಗೊತ್ತು?” ವಕೀಲರು ಪೆನ್ನು ಕೈಗೆತ್ತಿಕೊಂಡರು.

“ನನಗಿಂತ ಮೊದಲೇ ಗೊತ್ತು.”

“ಹಾಗಾದ್ರೆ ಕೇಳಿ. ಸಾಲು ಯಾರದಾದ್ರೇನು, ಸಹಿ ಅವರದು. ಮೀನಣ್ಣ ಆ ಸಂಜೆಯಿಂದ ಬೆಳಿಗ್ಗೆ ಐದರವರೆಗೂ ಅವರಮ್ಮನ ಜೊತೆ ಆಸ್ಪತ್ರೆ ವಾರ್ಡಲ್ಲಿದ್ದ. ನರ್ಸುಗಳ ಪುಸ್ತಕದಲ್ಲಿ ಇದೆ. ಐದಕ್ಕೆ ಬಂದು ಕ್ಲಬ್ಬಿನ ಗೇಟು ತೆಗೆದವನು ಅವನೇ, ಒಳಗೆ ಇದ್ದವನೂ ಅವನೊಬ್ಬನೇ. ರಾತ್ರಿಯೆಲ್ಲ ಗೇಟಿಗೆ ಬೀಗ ಇತ್ತು, ಹಾಗಾಗಿ ಮ್ಯಾನೇಜರು ಜೀವಂತವಾಗಿ ಮುಳುಗಿದ ಅಂದ್ರೆ ಪೊಲೀಸರ ಲೆಕ್ಕದಲ್ಲಿ ಐದರ ಮೇಲೆ ಮುಳುಗಿದ, ಮೀನಣ್ಣನೇ ಮುಳುಗಿಸಿದ. ಮೊದಲೇ ಸತ್ತಿದ್ದ, ಆಮೇಲೆ ಯಾರೋ ರಾತ್ರೀಲೇ ಗೋಡೆ ಮೇಲಿಂದ ನೀರಿಗೆ ಹಾಕಿದ್ರು ಅಂದ್ರೆ ಮೀನಣ್ಣನಿಗೂ ಅದಕ್ಕೂ ಸಂಬಂಧ ಇಲ್ಲ. ಅವನನ್ನ ಒಳಗೆ ಕೂರಿಸಿರೋದೇ ಆ ಒಂದು ಸಾಲು. ನಿಮ್ಮ ಭಾವ ಅರ್ಧ ಹಾಳೇಲಿ ‘ತಪ್ಪಾಗಿದೆ’ ಅಂತ ಬರೆದುಕೊಡ್ಲಿ, ನಾಳೆ ಸಂಜೆ ಮೀನಣ್ಣ ಮನೇಲಿ ಊಟ ಮಾಡ್ತಾನೆ.”

“ಕೊಡದೇ ಇದ್ರೆ?”

“ವಿಚಾರಣೆ ಮುಗಿಯೋವರೆಗೂ ಒಳಗೇ. ಎರಡು ವರ್ಷ ಆಗ್ಬಹುದು, ಮೂರಾಗ್ಬಹುದು.”

ಟೈಲರಮ್ಮ ಸೆರಗಿನ ತುದಿಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

*

ಹೊರಗೆ ಬಂದು ಮೊದಲು ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದೆ. ಮಾಡಬಾರದಿತ್ತು.

“ಓಹೋ ಮೇಡಂ! ನಮಸ್ಕಾರ, ನಮಸ್ಕಾರ! ಈ ವಾರದ ಕಂತು ಓದಿದೆ. ಆ ತಹಶೀಲ್ದಾರನೇ ತಾನೇ ಕೊಲೆಗಾರ? ನನಗೆ ಮಾತ್ರ ಹೇಳಿಬಿಡಿ, ಯಾರಿಗೂ ಹೇಳಲ್ಲ.”

“ಇನ್ಸ್‌ಪೆಕ್ಟರೇ, ಈಜುಕೊಳದ ಕೇಸಿನ ವರದಿ—”

“ಅಯ್ಯೋ, ಅದಕ್ಕೆ ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತಲೇ ಇದ್ದೆ! ವರದಿ ಓದಿದಾಗ ನನಗೆ ಆ ಸುಕ್ಕಿನ ವಿಚಾರ ತಲೆಗೇ ಹತ್ತಲಿಲ್ಲ ಮೇಡಂ. ಆಮೇಲೆ ನಿಮ್ಮ ಹದಿನೇಳನೇ ಅಧ್ಯಾಯ ಬಂತು ನೋಡಿ, ಎಲ್ಲಾ ಸ್ಪಷ್ಟ ಆಯ್ತು. ಸ್ಟೇಷನ್ನಿಗೆಲ್ಲ ಓದಿ ಹೇಳಿದೆ.”

“ಅದು ತಪ್ಪು! ಬೇಕಂತಲೇ ತಪ್ಪು ಬರೆದಿದ್ದೀನಿ!”

ಆ ಕಡೆಯಿಂದ ಹೊಟ್ಟೆ ಕುಲುಕಿಸಿ ನಕ್ಕ ಸದ್ದು.

“ತಮಾಷೆ ಮಾಡ್ಬೇಡಿ ಮೇಡಂ. ಡಾಕ್ಟರೂ ಅದನ್ನೇ ಬರೆದಿದ್ದಾರೆ, ನೀವೂ ಅದನ್ನೇ ಬರೆದಿದ್ದೀರಿ. ಇಬ್ಬಿಬ್ಬರು ತಿಳಿದೋರು ತಪ್ಪು ಬರೀತಾರಾ?”

ಕೋಣನ ಮುಂದೆ ಕಿನ್ನರಿ. ಫೋನನ್ನು ಚೀಲಕ್ಕೆ ಎಸೆದೆ. ನನ್ನ ಸುಳ್ಳನ್ನು ಭಾವನ ಸುಳ್ಳು ಎತ್ತಿ ಹಿಡಿದಿತ್ತು, ಭಾವನ ಸುಳ್ಳನ್ನು ನನ್ನದು. ನಡುವೆ ಸಿಕ್ಕಿಕೊಂಡವನು ಮಕ್ಕಳಿಗೆ ಕೈಕಾಲು ಬಡಿಯುವುದನ್ನು ಹೇಳಿಕೊಡುತ್ತಿದ್ದ ಒಬ್ಬ ಪಾಪದ ಮನುಷ್ಯ. ಸಂಕಟ ಒಂದು ಕಡೆ, ಸಿಟ್ಟು ಒಂದು ಕಡೆ. ಯಾರ ಮೇಲೆ ಸಿಟ್ಟಾಗಬೇಕು ಎಂದೇ ತಿಳಿಯದೆ ಆಟೋದವನ ಮೇಲೆ ರೇಗಿದೆ.

“ನಾನೂ ಬರ್ತೀನಿ,” ಎಂದು ಟೈಲರಮ್ಮ ಆಟೋ ಹತ್ತಿಯೇಬಿಟ್ಟಳು.

“ನೀನು ಬಂದ್ರೆ ಭಾವ ಬಾಯಿ ಬಿಡಲ್ಲ.”

“ಒಳಗೆ ಬರಲ್ಲ. ಮೆಟ್ಟಿಲ ಮೇಲೆ ಕೂತಿರ್ತೀನಿ. ಮನೇಲಿ ಒಬ್ಬಳೇ ಕೂತ್ರೆ ಹುಚ್ಚು ಹಿಡಿಯುತ್ತೆ ಮೇಡಮ್ಮಾ.”

ಬೇಡ ಎನ್ನುವ ಬಾಯಿ ನನಗಿರಲಿಲ್ಲ.

*

ಭಾವ ರಜೆಯಲ್ಲಿದ್ದರು. ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಹುರುಳಿಕಾಯಿ ಹೆಚ್ಚುತ್ತಿದ್ದರು. ಅವರು ಹೆಚ್ಚಿದರೆ ಪ್ರತಿ ತುಂಡೂ ಒಂದೇ ಅಳತೆ. “ನಮ್ಮನೆ ಪಲ್ಯ ಕೂಡ ಸರ್ಕಾರಿ ದಾಖಲೆ ಇದ್ದ ಹಾಗೆ” ಎಂದು ಅಕ್ಕ ಆಡಿಕೊಳ್ಳುವುದಿತ್ತು. ಅಕ್ಕ ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ತನ್ನ ಕಂಪ್ಯೂಟರಿನ ಮುಂದೆ, ನಮಗೆ ಬೆನ್ನು ಹಾಕಿ ಕೂತಿದ್ದಳು. ಭಾವನ ಕೈಬರಹ ಯಾರಿಗೂ ಓದಲು ಬರುವುದಿಲ್ಲ. ಹಾಗಾಗಿ ಅವರ ವರದಿಗಳನ್ನು ಟೈಪ್ ಮಾಡುವವಳೂ ಅವಳೇ, ನನ್ನ ಅಧ್ಯಾಯಗಳನ್ನು ಟೈಪ್ ಮಾಡುವವಳೂ ಅವಳೇ.

“ಬಾರಮ್ಮ ಕಾದಂಬರಿ! ಇವತ್ತು ಭಾನುವಾರ ಅಲ್ವಲ್ಲ?”

ನಾನು ವರದಿಯ ನಕಲನ್ನು ಹುರುಳಿಕಾಯಿಯ ಪಕ್ಕ ಇಟ್ಟೆ. ಎರಡನೇ ಪುಟ ಮೇಲೆ ಮಾಡಿ, ಆ ಸಾಲಿನ ಮೇಲೆ ಬೆರಳಿಟ್ಟೆ.

ಭಾವ ಕನ್ನಡಕ ಹುಡುಕಿ ಹಾಕಿಕೊಂಡರು. ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಮುಖವನ್ನು ಸರಿಮಾಡಿಕೊಂಡು ಸಣ್ಣಗೆ ನಕ್ಕರು. ಆ ನಗು ಬರುವುದು ಅರ್ಧ ಕ್ಷಣ ತಡವಾಗಿತ್ತು.

“ಅಯ್ಯೋ, ಇದಾ. ನಿಮ್ಮಕ್ಕ ಎರಡನ್ನೂ ಒಂದೇ ಯಂತ್ರದಲ್ಲಿ ಕುಟ್ಟುತ್ತಾಳೆ. ನಿನ್ನದು ಎಲ್ಲೋ ನನ್ನದಕ್ಕೆ ಅಂಟಿಕೊಂಡಿದೆ.”

ಸಮಾಧಾನವಾಯಿತೆಂದು ಹೇಳಲು ನನಗೆ ನಾಚಿಕೆ, ಆದರೆ ನಿಜವಾಗಿಯೂ ಆಯಿತು. ಕುರ್ಚಿ ಎಳೆದು ಕೂತೆ.

“ಅಷ್ಟೇ ತಾನೇ? ಹಾಗಾದ್ರೆ ಅರ್ಧ ಹಾಳೇಲಿ ಬರೆದುಕೊಡಿ ಭಾವ. ಟೈಪ್ ಮಾಡುವಾಗ ತಪ್ಪಾಗಿದೆ, ಸುಕ್ಕಿಗೂ ಸಾವಿಗೂ ಸಂಬಂಧ ಇಲ್ಲ ಅಂತ. ನಾಳೆ ಹತ್ತೂವರೆ ಒಳಗೆ ವಕೀಲರ ಕೈಗೆ ಕೊಡ್ತೀನಿ.”

“ಅದಕ್ಕೆಲ್ಲ ಒಂದು ಕ್ರಮ ಇದೆಯಮ್ಮ. ಮೇಲಿನವರಿಗೆ ಬರೀಬೇಕು, ಅವರು ಸಮಿತಿ ಮಾಡ್ಬೇಕು—”

“ನಾಳೆ ಹತ್ತೂವರೆ, ಭಾವ.”

“ನೋಡೋಣ ಇರು.”

‘ನೋಡೋಣ ಇರು.’ ಈ ಮನೆಯಲ್ಲಿ ಮೂವತ್ತು ವರ್ಷದಲ್ಲಿ ನಾನು ಕೇಳದ ಮಾತು ಅದು. ಭಾವ ಹೌದು ಎನ್ನುತ್ತಾರೆ, ಇಲ್ಲ ಎನ್ನುತ್ತಾರೆ, ಗೊತ್ತಿಲ್ಲ ಎನ್ನುತ್ತಾರೆ. ‘ನಿಸ್ಸಂಶಯವಾಗಿ’ ಎನ್ನುವ ಪದವನ್ನು ನನ್ನ ಹಸ್ತಪ್ರತಿಯಲ್ಲಿ ಕಂಡಾಗಲೆಲ್ಲ ಕೆಂಪು ಪೆನ್ನಲ್ಲಿ ಹೊಡೆದು ಹಾಕುತ್ತಿದ್ದ ಮನುಷ್ಯ. ಈ ಮನುಷ್ಯ ಅದೇ ಪದದ ಕೆಳಗೆ ಸಹಿ ಹೇಗೆ ಹಾಕಿದ?

ಆ ಸಹಿಯನ್ನು ನೋಡಲು ಕೊನೆಯ ಪುಟ ತಿರುವಿದೆ. ಅದರ ಕೆಳಗೆ ತಾರೀಕಿತ್ತು. ನಾಲ್ಕು.

“ಭಾವ.”

“ಹೂಂ.”

“ಮ್ಯಾನೇಜರ ಹೆಣ ಸಿಕ್ಕಿದ್ದು ಮೂರನೇ ತಾರೀಕು. ನೀವು ವರದಿಗೆ ಸಹಿ ಹಾಕಿದ್ದು ನಾಲ್ಕಕ್ಕೆ.”

“ಹೂಂ, ಅದಕ್ಕೇನೀಗ?”

“ಹದಿನೇಳನೇ ಅಧ್ಯಾಯ ನಾನು ಬರೆದು ಮುಗಿಸಿದ್ದು ಅದೇ ತಿಂಗಳ ಹತ್ತೊಂಬತ್ತಕ್ಕೆ. ಜ್ವರ ಬಂದು ತಡವಾಗಿತ್ತು, ಸಂಪಾದಕರು ಬೈದಿದ್ರು, ಅವತ್ತೇ ಮಧ್ಯಾಹ್ನ ಓಡಿಬಂದು ಅಕ್ಕನ ಕೈಗೆ ಕೊಟ್ಟೆ. ನಾಲ್ಕನೇ ತಾರೀಕು ಆ ಸಾಲು ಈ ಭೂಮಿ ಮೇಲೇ ಇರಲಿಲ್ಲ ಭಾವ. ಹುಟ್ಟದೇ ಇರೋ ಸಾಲು ನಿಮ್ಮ ವರದಿಗೆ ಹೇಗೆ ಅಂಟಿಕೊಳ್ತು?”

ಚಾಕು ನಿಂತಿತು. ಮೆಟ್ಟಿಲ ಕೆಳಗೆ ಅಕ್ಕನ ಕೀಲಿಮಣೆಯ ಸದ್ದೂ ನಿಂತಿತು.

“ಇದನ್ನ ಹತ್ತೊಂಬತ್ತರ ನಂತರ ಬರೆದಿದ್ದೀರಿ. ಹಳೇ ತಾರೀಕು ಹಾಕಿದ್ದೀರಿ. ಅಂದ್ರೆ ಇದಕ್ಕಿಂತ ಮೊದಲು ಇನ್ನೊಂದು ವರದಿ ಇತ್ತು.”

ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹುರುಳಿಕಾಯಿ ತುಂಡುಗಳನ್ನು ಅಂಗೈಯಲ್ಲಿ ಒತ್ತಿ ಒಂದು ಕಡೆ ಗುಡ್ಡೆ ಮಾಡಿದರು. ನನ್ನ ಕಾದಂಬರಿಯ ಡಾಕ್ಟರಾಗಿದ್ದರೆ ಇಷ್ಟು ಹೊತ್ತಿಗೆ ಸತ್ಯ ಹೇಳಿ ಎದ್ದು ಹೋಗಿರುತ್ತಿದ್ದ.

“ಇತ್ತು,” ಎಂದರು ಕೊನೆಗೆ.

“ಏನಿತ್ತು ಅದರಲ್ಲಿ?”

“ಕುತ್ತಿಗೆ ಬಿಗಿದಿದ್ರು. ನೀರಿಗೆ ಬೀಳೋ ಹೊತ್ತಿಗೆ ಅವನು ಸತ್ತು ಮೂರು ಗಂಟೆಯಾದ್ರೂ ಆಗಿತ್ತು. ಲ್ಯಾಬಿನಿಂದ ಒಂದು ಉತ್ತರ ಬರಬೇಕಿತ್ತು, ಅದಕ್ಕೇ ವರದಿ ಕಳಿಸದೆ ಇಟ್ಟುಕೊಂಡಿದ್ದೆ.”

ಮೂರು ಗಂಟೆ! ಆ ಹೊತ್ತಿನಲ್ಲಿ ಮೀನಣ್ಣ ಆಸ್ಪತ್ರೆಯಲ್ಲಿ ಅಮ್ಮನ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ನರ್ಸುಗಳ ಪುಸ್ತಕವೇ ಹೇಳುತ್ತದೆ.

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಬೀಳಲಿ.

“ಯಾರು ಹೇಳಿದ್ದು ಬದಲಾಯಿಸು ಅಂತ? ಕ್ಲಬ್ಬಿನ ಅಧ್ಯಕ್ಷನಾ? ಅವನಿಗೂ ಮ್ಯಾನೇಜರಿಗೂ ಆಗ್ತಿರಲಿಲ್ಲ ಅಂತ ಊರಿಗೆಲ್ಲಾ ಗೊತ್ತು. ಆರು ತಿಂಗಳಲ್ಲಿ ನಿವೃತ್ತಿ, ಯಾಕಪ್ಪ ರಗಳೆ ಅಂತ ತಲೆ ಬಗ್ಗಿಸಿಬಿಟ್ರಾ? ಹನ್ನೊಂದು ಕಾದಂಬರೀಲಿ ನಿಮ್ಮನ್ನ ದೇವರ ಹಾಗೆ ಬರೆದಿದ್ದೀನಿ ಭಾವ! ಜನ ನನಗೆ ಕಾಗದ ಬರೀತಾರೆ, ಇಂಥ ಡಾಕ್ಟರು ನಿಜವಾಗಿ ಇದ್ದಾರಾ ಅಂತ. ಇದ್ದಾರೆ, ನಮ್ಮಕ್ಕನ ಗಂಡ ಅಂತ ನಾನು ಉತ್ತರ ಬರೀತೀನಿ! ಬೇಲಿಯೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳ್ಬೇಕು?”

“ಕೂಗಬೇಡ.”

“ಕೂಗ್ತೀನಿ! ಬೀದಿಗೆಲ್ಲ ಕೇಳಲಿ!”

“ಕೂಗು. ಆದ್ರೆ ಒಂದು ಮಾತು ಕೇಳಿಸ್ಕೋ.” ಭಾವ ವರದಿಯನ್ನು ಮತ್ತೆ ಕೈಗೆತ್ತಿಕೊಂಡರು. ಹೆಬ್ಬೆರಳಿನಿಂದ ‘ನಿಸ್ಸಂಶಯವಾಗಿ’ ಎನ್ನುವ ಪದವನ್ನು ಅಳಿಸುವ ಹಾಗೆ ಉಜ್ಜಿದರು. “ಬದಲಾಯಿಸಿದ್ದು ನಿಜ. ಅದನ್ನ ಒಪ್ಪುತ್ತೀನಿ. ಆದ್ರೆ ಈ ಸಾಲು ನಾನು ಹೇಳಿ ಬರೆಸಿದ್ದಲ್ಲ. ‘ಮುಳುಗಿ ಸತ್ತಿರಬಹುದು’ ಅಂತಷ್ಟೇ ಹೇಳಿದ್ದೆ. ಸಹಿ ಹಾಕುವಾಗ ಓದೋ ಧೈರ್ಯ ಆಗಲಿಲ್ಲ. ನಮ್ಮ ದೃಷ್ಟಿಬೊಟ್ಟು ಇದರೊಳಗೆ ಇದೆ ಅಂತ ನನಗೆ ಗೊತ್ತಾಗಿದ್ದು ಈಗ, ನೀನು ತೋರಿಸಿದ ಮೇಲೆ.”

ಸುಳ್ಳು ಹೇಳುತ್ತಿಲ್ಲ ಎಂದು ಆ ಕೈ ನೋಡಿದರೇ ಗೊತ್ತಾಗುತ್ತಿತ್ತು.

“ಹಾಗಾದ್ರೆ ಯಾರು ಸೇರಿಸಿದ್ದು?”

“ನಾನು,” ಎಂದಳು ಅಕ್ಕ.

ಅವಳು ಇನ್ನೂ ಕಂಪ್ಯೂಟರಿನ ಕಡೆಗೇ ಮುಖ ಮಾಡಿದ್ದಳು. ಆಮೇಲೆ ಕುರ್ಚಿ ತಿರುಗಿಸಿದಳು. ಅಳುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನು ಲೆಕ್ಕ ತಪ್ಪಿದಾಗ ನೋಡುತ್ತಿದ್ದಳಲ್ಲ, ಹಾಗೇ ನೋಡುತ್ತಿದ್ದಳು.

“ತಪ್ಪಾಗಿ ಅಂಟಿದ್ದಲ್ಲ ಕಣೇ. ಬೇಕಂತಲೇ ಹಾಕಿದೆ. ಹಿಂದಿನ ದಿನ ತಾನೇ ನಿನ್ನ ಅಧ್ಯಾಯ ಟೈಪ್ ಮಾಡಿದ್ದೆ, ಬಾಯಿಗೇ ಬಂದಿತ್ತು. ಇವರು ಹೇಳಿದ ಸಾಲಿನ ಜಾಗದಲ್ಲಿ ಅದನ್ನ ಕೂರಿಸಿದೆ. ಲೋಕದಲ್ಲಿ ಬೇರೆ ಯಾರು ಓದಿದ್ರೂ ಗೊತ್ತಾಗಲ್ಲ, ನೀನು ಓದಿದ್ರೆ ಗೊತ್ತಾಗುತ್ತೆ ಅಂತ.”

“ಬಾಯಿ ಬಿಟ್ಟು ಹೇಳೋದಲ್ವಾ ಅಕ್ಕಾ! ಫೋನ್ ಇಲ್ವಾ? ನಾನು ಪ್ರತಿ ಭಾನುವಾರ ಬರಲ್ವಾ?”

“ಬಾಯಲ್ಲಿ ಯಾರಿಗೂ ಹೇಳಲ್ಲ ಅಂತ ಇವರಿಗೆ ಮಾತು ಕೊಟ್ಟಿದ್ದೆ. ಬರೆಯಲ್ಲ ಅಂತ ಕೊಟ್ಟಿರಲಿಲ್ಲ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದು ನಮ್ಮಕ್ಕನಿಗೆ ಮಾತ್ರ ಹೊಳೆಯುವ ಉಪಾಯ.

“ವರದಿ ಹೊರಗೆ ಹೋದ ದಿನದಿಂದ ಕಾದೆ,” ಎಂದಳು ಅಕ್ಕ. “ಟೈಲರಮ್ಮ ನಿಮ್ಮ ಬೀದಿಯವಳೇ. ಇವತ್ತು ನಿನ್ನನ್ನ ಕೇಳ್ತಾಳೆ, ನಾಳೆ ನೀನು ಓದ್ತೀಯ ಅಂದುಕೊಂಡೆ. ಹನ್ನೆರಡು ಭಾನುವಾರ ಬಂದು ಉಂಡು ಹೋದೆ. ಹೆಣ ಯಾವ ಬಣ್ಣಕ್ಕೆ ತಿರುಗುತ್ತೆ, ಎಷ್ಟು ಹೊತ್ತಿಗೆ ಸೆಟೆಯುತ್ತೆ, ಎಲ್ಲಾ ಕೇಳಿದೆ. ಒಳಗಿರೋ ಮನುಷ್ಯನ ಬಗ್ಗೆ ಒಂದು ಸಲನೂ ಕೇಳಲಿಲ್ಲ.”

ಇಡೀ ದಿನ ಎಲ್ಲರ ಮೇಲೆ ಹಾರಾಡಿದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂದು ಕೂತಿತು. ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿದೆ, ಅದೊಂದೇ ನನ್ನಿಂದ ಆಗುವ ಕೆಲಸ ಎನ್ನುವ ಹಾಗೆ.

“ಸರಿ. ಈಗ ಕೇಳ್ತೀನಿ,” ಎಂದೆ. “ಮೊದಲನೇ ವರದಿ ಎಲ್ಲಿ?”

“ಹರಿದು ಹಾಕಿಸಿದೆ,” ಎಂದರು ಭಾವ.

“ಹರಿದಿಲ್ಲ,” ಎಂದಳು ಅಕ್ಕ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಭಾವ ಅಕ್ಕನನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

“ಕೊಡಕ್ಕ. ಈಗಲೇ ವಕೀಲರ ಹತ್ರ ಹೋಗ್ತೀನಿ. ಅಧ್ಯಕ್ಷ ಎಷ್ಟು ದೊಡ್ಡವನಾದ್ರೂ ಆಗಲಿ—”

“ಅಧ್ಯಕ್ಷ ಅಲ್ಲ ಕಣಮ್ಮ,” ಎಂದು ಭಾವ ತಡೆದರು. ಅವರ ದನಿಯಲ್ಲಿ ಬರೀ ಸುಸ್ತಿತ್ತು. “ಅಧ್ಯಕ್ಷ ಒಂದು ಫೋನ್ ಕೂಡ ಮಾಡಿಲ್ಲ. ಮೇಲಿನವರು ಯಾರೂ ಬರಲಿಲ್ಲ, ಯಾರೂ ಹೆದರಿಸಲಿಲ್ಲ. ಹಾಗಾಗಿದ್ರೆ ನಾನು ಬಗ್ಗುತ್ತಾನೇ ಇರಲಿಲ್ಲ, ಅಷ್ಟಾದ್ರೂ ನಂಬು.”

“ಮತ್ತೆ ಯಾರು ಬಂದಿದ್ದು?”

“ಇಪ್ಪತ್ತನೇ ತಾರೀಕು ಬೆಳಿಗ್ಗೆ, ನೀನು ನಿಂತಿದ್ದೀಯಲ್ಲ, ಅಲ್ಲೇ ನಿಂತಿದ್ದ. ವರದಿ ಇನ್ನೂ ಕಳಿಸಿಲ್ಲ ಅಂತ ಅದು ಹೇಗೋ ತಿಳ್ಕೊಂಡಿದ್ದ. ‘ಡಾಕ್ಟರೇ, ಮ್ಯಾನೇಜರು ನೀರಲ್ಲೇ ಸತ್ತ ಅಂತ ಬರೀರಿ’ ಅಂದ. ನಾನು ಬೈದೆ. ಅವನು ಕಾಲು ಹಿಡಿದ, ಬಿಡಲೇ ಇಲ್ಲ.”

“ಯಾರು ಭಾವ?”

“ಮೀನಣ್ಣ.”

ನನಗೆ ಕೇಳಿಸಿದ್ದು ತಪ್ಪು ಅನ್ನಿಸಿತು. “ಯಾರು?”

“ಒಳಗಿದಾನಲ್ಲ, ಅವನೇ. ‘ಹಾಗೆ ಬರೆದ್ರೆ ನಿನ್ನನ್ನೇ ಹಿಡೀತಾರೆ ಕಣಯ್ಯ, ಬೆಳಿಗ್ಗೆ ಅಲ್ಲಿ ಇದ್ದವನು ನೀನೊಬ್ಬನೇ’ ಅಂತ ನಾನೇ ಬಿಡಿಸಿ ಹೇಳಿದೆ. ‘ಹಿಡೀಲಿ ಸ್ವಾಮಿ, ಅದಕ್ಕೇ ಬಂದಿದ್ದೀನಿ’ ಅಂದ. ಆಮೇಲೆ ಯಾಕೆ ಅಂತ ಒಂದು ಕಾರಣ ಹೇಳಿದ. ಅದನ್ನ ಕೇಳಿದ ಮೇಲೆ ನನ್ನ ಕೈಲಿ ಆಗಲಿಲ್ಲ.”

“ಏ‌ನು ಕಾರಣ?”

ಭಾವ ತಲೆ ಅಲ್ಲಾಡಿಸಿದರು. “ಅದು ಅವನ ಮಾತು. ಅವನೇ ಹೇಳಬೇಕು.”

ಅಕ್ಕನನ್ನು ನೋಡಿದೆ. “ಮೊದಲನೇದು ಹೊರಗೆ ಬಂದ್ರೆ ಅವನು ಬಿಡುಗಡೆ ಆಗ್ತಾನೆ,” ಎಂದಳು ಅಕ್ಕ ಮೆಲ್ಲಗೆ. “ಆಮೇಲೆ ಪೊಲೀಸರು ಕೊಂದವರನ್ನ ಹುಡುಕೋಕೆ ಶುರು ಮಾಡ್ತಾರೆ. ಅವನಿಗೆ ಬೇಡವಾಗಿದ್ದು ಅದೇ. ನನಗೂ ಅಷ್ಟೇ ಗೊತ್ತು. ಕಾರಣ ಹೇಳುವಾಗ ಇವರು ನನ್ನನ್ನ ಹೊರಗೆ ಕಳಿಸಿದ್ರು. ತಪ್ಪು ಮಾಡದವನು ಯಾರಿಗೋಸ್ಕರವೋ ಕೊಳೀತಿದ್ದಾನೆ, ಅದು ನನ್ನ ಕೈಯಲ್ಲಿ ಆಗೋದು ಬೇಡ ಅನ್ನಿಸಿ ಆ ಸಾಲು ಹಾಕಿದೆ.”

ಯಾರನ್ನು ಬಿಡಿಸಬೇಕೆಂದು ಬೆಳಿಗ್ಗೆಯಿಂದ ಊರೆಲ್ಲ ಕೂಗಾಡುತ್ತಿದ್ದೆನೋ, ಅವನು ತಾನಾಗಿ ಬಾಗಿಲು ತಟ್ಟಿ ಒಳಗೆ ಹೋಗಿದ್ದ. ಜೈಲಿಗೆ ಹೋಗಲು ಕಾಲು ಹಿಡಿಯುವವರನ್ನು ನಾನು ಕಾದಂಬರಿಯಲ್ಲಿ ಕೂಡ ಬರೆದಿಲ್ಲ. ಬರೆದಿದ್ದರೆ ಸಂಪಾದಕರು ನಂಬುವುದಿಲ್ಲ ಎಂದು ಹೊಡೆದು ಹಾಕುತ್ತಿದ್ದರು.

“ಇಲ್ಲೇ ಇರಿ ಇಬ್ಬರೂ,” ಎಂದೆ. “ಹೊರಗೆ ಅವನ ಹೆಂಡತಿ ಕೂತಿದ್ದಾಳೆ. ಪಾಪ, ಏನಾದ್ರೂ ಒಂದು ಹೇಳಿ ಮನೆಗೆ ಕಳಿಸಿ ಬರ್ತೀನಿ. ಆಮೇಲೆ ಕೂತು ಯೋಚನೆ ಮಾಡೋಣ.”

ಟೈಲರಮ್ಮ ಮೆಟ್ಟಿಲ ಮೇಲೆ ನಾನು ಬಿಟ್ಟು ಹೋದ ಹಾಗೇ ಕೂತಿದ್ದಳು. ಬಾಗಿಲ ಸದ್ದಿಗೆ ಎದ್ದು ನಿಂತಳು. ಬಿಸಿಲಿಗೆ ಮುಖವೆಲ್ಲ ಬೆವರಿತ್ತು.

“ಏನಂದ್ರು ಮೇಡಮ್ಮಾ?”

ಒಳಗೆ ಕೇಳಿದ ಯಾವುದನ್ನೂ ಅವಳಿಗೆ ಹೇಳುವ ಹಾಗಿರಲಿಲ್ಲ. ಕಟ್ಟಿಕೊಂಡ ಗಂಡ ತಾನಾಗಿಯೇ ಜೈಲು ಬೇಡಿ ಹೋದ ಎಂದು ಯಾವ ಬಾಯಲ್ಲಿ ಹೇಳಲಿ? ಅವಳಿಗೆ ನೆಮ್ಮದಿ ಕೊಡುವ ಒಂದು ಸುಳ್ಳು ಹುಡುಕಿದೆ.

“ಭಾವ ಒಪ್ಪಿದ್ರು ಕಣಮ್ಮ. ಪತ್ರ ಬರೆದುಕೊಡ್ತಾರೆ. ನಾಳೆ ಸಂಜೆ ನಿನ್ನ ಗಂಡ ಮನೆಗೆ ಬರ್ತಾನೆ.”

ಅಳುತ್ತಾಳೆ ಅಂದುಕೊಂಡೆ, ಇಲ್ಲ ಕೈ ಮುಗಿಯುತ್ತಾಳೆ ಅಂದುಕೊಂಡೆ. ಅವಳು ಎರಡೂ ಮಾಡಲಿಲ್ಲ. ಒಂದು ಮೆಟ್ಟಿಲು ಮೇಲೆ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು. ಹೊಲಿಗೆ ಯಂತ್ರ ತಿರುಗಿಸಿ ತಿರುಗಿಸಿ ಗಟ್ಟಿಯಾದ ಕೈ. ಬಿಡಿಸಿಕೊಳ್ಳಲು ನೋಡಿದರೂ ಆಗಲಿಲ್ಲ. ಅವಳು ನನ್ನ ಭುಜದ ಮೇಲಿಂದ ಒಳಗೆ ಇಣುಕಿ, ದನಿ ತಗ್ಗಿಸಿ ಕೇಳಿದಳು:

“ಬರೀ ಪತ್ರ ತಾನೇ ಮೇಡಮ್ಮಾ? ಆ ಮೊದಲನೇ ವರದಿ ಹರಿದು ಹಾಕಿದ್ದಾರೆ ಅಂತ ನಮ್ಮನೆಯವರು ಅಂದಿದ್ರು, ಹಾಕಿದ್ದಾರಲ್ವಾ?”